ಪುಟ್ಟ ಮಕ್ಕಳೊಂದಿಗೆ ಲಂಡನ್ನಿಗೆ ಬಂದವರಿಗೆ: ಪಾರ್ಕು, ಆಟದ ಜಾಗಗಳ ಮಾರ್ಗದರ್ಶಿ

ಬಂದ ಮೊದಲ ತಿಂಗಳೆಲ್ಲ ಬಾಡಿಗೆ ಮನೆ, ಬ್ಯಾಂಕ್ ಖಾತೆ, ಜಿಪಿ (ಬಡಾವಣೆಯ ವೈದ್ಯರ) ನೋಂದಣಿ ಅಂತ ಓಡಾಟದಲ್ಲೇ ಕಳೆದುಹೋಗುತ್ತದೆ. ಅಷ್ಟೂ ದಿನ ಮಗು ಫ್ಲ್ಯಾಟಿನೊಳಗೆ ಟಿವಿ ಮುಂದೆ ಕೂತಿರುತ್ತದೆ. ನಮ್ಮ ಯುಗಾದಿ, ದೀಪಾವಳಿ ಕಾರ್ಯಕ್ರಮಗಳಿಗೆ ಬರುವ ಹೊಸ ಕುಟುಂಬಗಳನ್ನು ನಾವು ಕೇಳುವುದು ಒಂದೇ ಮಾತು: ಮನೆ ಹತ್ತಿರದ ಪಾರ್ಕ್ ಯಾವುದು? ಇಂಡಿಯನ್ ಅಂಗಡಿ ಎಲ್ಲಿದೆ, ದೋಸೆ ಹಿಟ್ಟು ಎಲ್ಲಿ ಸಿಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಪಾರ್ಕ್ ಮಾತ್ರ ಗೊತ್ತಿಲ್ಲ. "ಚಳಿ ಕಮ್ಮಿ ಆಗ್ಲಿ ಅಂತ ಕಾಯ್ತಿದೀವಿ" ಅನ್ನುತ್ತಾರೆ.

ಕಾಯಬೇಡಿ. ಈ ಊರಿನಲ್ಲಿ ಪುಟ್ಟ ಮಗುವಿಗೂ ಅದರ ತಾಯಿಗೂ ಮೊದಲ ಪರಿಚಯಗಳಾಗುವುದು ಪಾರ್ಕಿನಲ್ಲೇ. ನಮ್ಮೂರಿನ ಹಾಗೆ ಪಕ್ಕದ ಮನೆಯವರು ಬಾಗಿಲು ತಟ್ಟಿ ಬರುವುದಿಲ್ಲ, ಮಕ್ಕಳು ತಾವಾಗಿ ಬೀದಿಯಲ್ಲಿ ಸೇರುವುದಿಲ್ಲ. ನೀವೇ ಎದ್ದು ಹೋಗಬೇಕು, ದಿನಾ ಹೋಗಬೇಕು.

ಚಳಿ, ಮಳೆ, ಕತ್ತಲು

"ಶೀತ ಆಗುತ್ತೆ" ಎಂಬ ನಮ್ಮ ಹಿರಿಯರ ಮಾತನ್ನು ನಾವೂ ಹೊತ್ತುಕೊಂಡೇ ಬಂದೆವು. ಆದರೆ ನೆಗಡಿ ಬರುವುದು ವೈರಸ್ಸಿನಿಂದ. ಕಿಟಕಿ ಮುಚ್ಚಿದ, ಹೀಟರ್ ಹಾಕಿದ ಕೋಣೆಯಲ್ಲಿ ಎಲ್ಲರೂ ಒತ್ತಾಗಿ ಕೂತಾಗ ಅದು ಇನ್ನೂ ಸುಲಭವಾಗಿ ಹರಡುತ್ತದೆ. ನಡೆಯಲು ಕಲಿತ, ಐದು ವರ್ಷದೊಳಗಿನ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಓಡಾಡಿಕೊಂಡಿರಬೇಕು ಎನ್ನುತ್ತದೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್. ಬಾಡಿಗೆ ಫ್ಲ್ಯಾಟಿನ ಹಾಲ್‌ನಲ್ಲಿ ಮೂರು ಗಂಟೆ ಓಡಿಸಿದರೆ ಕೆಳಗಿನ ಮನೆಯವರು ದೂರು ಕೊಡುತ್ತಾರೆ.

ಬೇಕಾದದ್ದು ಎರಡೇ: ತಲೆಯಿಂದ ಪಾದದವರೆಗೆ ಒಂದೇ ತುಂಡಿನ ಮಳೆ ಸೂಟು (ಇಲ್ಲಿ ಪಡಲ್ ಸೂಟ್ ಅನ್ನುತ್ತಾರೆ) ಮತ್ತು ರಬ್ಬರ್ ಬೂಟು. ಚಾರಿಟಿ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಮಕ್ಕಳು ಬೇಗ ಬೆಳೆಯುವುದರಿಂದ ಬಳಸಿದ್ದು ಕೊಳ್ಳುವುದಕ್ಕೆ ಸಂಕೋಚ ಬೇಡ, ಇಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಮನೆಗೆ ಬಂದ ಮೇಲೆ ಕೆಸರಾದ ಸೂಟನ್ನು ಬಾತ್‌ಟಬ್ಬಿನಲ್ಲಿ ನೇತುಹಾಕಿದರೆ ಆಯಿತು.

ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಅನೇಕ ಪಾರ್ಕುಗಳ ಗೇಟನ್ನು ಕತ್ತಲಾಗುತ್ತಿದ್ದಂತೆ ಮುಚ್ಚುತ್ತಾರೆ, ಸಮಯ ಗೇಟಿನ ಫಲಕದಲ್ಲೇ ಬರೆದಿರುತ್ತದೆ. ಊರಿನ ಅಭ್ಯಾಸದಂತೆ ಮಧ್ಯಾಹ್ನ ಮಲಗಿಸಿ ಐದು ಗಂಟೆಗೆ ಹೊರಡುವುದು ಚಳಿಗಾಲದಲ್ಲಿ ನಡೆಯುವುದಿಲ್ಲ. ತಿಂಡಿ ಮುಗಿಸಿ ಹತ್ತು ಗಂಟೆಗೆ ಹೊರಡಿ. ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ, ಆಗ ಮಕ್ಕಳನ್ನು ಮನೆಗೆ ಕರೆತರುವುದೇ ಕಷ್ಟ.

ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ಕೊಡಬೇಕು ಎಂಬುದು ಇಲ್ಲಿನ ಸರ್ಕಾರಿ ಸಲಹೆ. ನಮ್ಮ ಮೈಬಣ್ಣದವರಿಗೆ ಇಲ್ಲಿನ ಬಿಸಿಲು ಸಾಲುವುದಿಲ್ಲ, ಹಾಗಾಗಿ ದೊಡ್ಡವರೂ ವರ್ಷವಿಡೀ ತೆಗೆದುಕೊಳ್ಳುವುದನ್ನು ಯೋಚಿಸಿ. ಹೆಲ್ತ್ ವಿಸಿಟರ್ (ಪುಟ್ಟ ಮಕ್ಕಳನ್ನು ನೋಡಲು ಬರುವ ನರ್ಸ್) ಬಂದಾಗ ಕೇಳಿ.

ಹತ್ತಿರದ ಜಾಗ ಹುಡುಕುವುದು

ನಿಮ್ಮ ಬರೋ ಕೌನ್ಸಿಲ್ (ಸ್ಥಳೀಯ ಆಡಳಿತ) ವೆಬ್‌ಸೈಟಿನಲ್ಲಿ ಪಾರ್ಕುಗಳ ಪಟ್ಟಿ ಇರುತ್ತದೆ. ಪ್ರವೇಶ ಉಚಿತ. ನಮ್ಮವರು ಹೆಚ್ಚಾಗಿ ನೆಲೆಸಿರುವ ಕಡೆಗಳಲ್ಲಿ:

- ಹೌನ್ಸ್‌ಲೋ, ಈಲಿಂಗ್ ಕಡೆ: ಗನ್ನರ್ಸ್‌ಬರಿ ಪಾರ್ಕ್
- ಇಲ್ಫರ್ಡ್: ವ್ಯಾಲೆಂಟೈನ್ಸ್ ಪಾರ್ಕ್
- ಹ್ಯಾರೋ: ಹೆಡ್‌ಸ್ಟೋನ್ ಮ್ಯಾನರ್ ಸುತ್ತಲಿನ ಪಾರ್ಕ್
- ಲಂಡನ್ನಿನಾಚೆ ಸ್ಲೌ: ಸಾಲ್ಟ್ ಹಿಲ್ ಪಾರ್ಕ್

ಬಸ್ಸಿನಲ್ಲಿ ಪುಟ್ಟ ಮಕ್ಕಳಿಗೆ ಟಿಕೆಟ್ ಇಲ್ಲ. ತಳ್ಳುಗಾಡಿ ನಿಲ್ಲಿಸುವ ಜಾಗದಲ್ಲಿ ಗಾಲಿಕುರ್ಚಿಯವರಿಗೆ ಮೊದಲ ಹಕ್ಕು. ಅವರು ಬಂದರೆ ಚಾಲಕ ಹೇಳುವ ಮೊದಲೇ ತಳ್ಳುಗಾಡಿ ಮಡಚಿ ಜಾಗ ಕೊಡಿ.

ಆಟದ ಜಾಗದೊಳಗಿನ ನಡವಳಿಕೆ

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಫಲಕದಲ್ಲೂ ಬರೆದಿರುವುದಿಲ್ಲ. ತಪ್ಪಿದಾಗ ಯಾರೂ ಬೈಯುವುದಿಲ್ಲ, ಸುಮ್ಮನೆ ಮುಖ ತಿರುಗಿಸಿ ದೂರ ಸರಿಯುತ್ತಾರೆ. ಆ ಮೌನ ಬೈಗುಳಕ್ಕಿಂತ ಹೆಚ್ಚು ನೋಯಿಸುತ್ತದೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇವೆ.

ಉಯ್ಯಾಲೆಗೆ ಸಾಲು ಇರುತ್ತದೆ, ಆದರೆ ಅದು ಸಾಲಿನಂತೆ ಕಾಣುವುದಿಲ್ಲ. ಬೇಲಿಗೆ ಒರಗಿ ಒಬ್ಬ ತಾಯಿ ನಿಂತಿರುತ್ತಾಳೆ, ಅವಳ ಕಾಲ ಬಳಿ ಮಗು ಕಲ್ಲು ಹೆಕ್ಕುತ್ತಿರುತ್ತದೆ. ಅಲ್ಲೇ ಎರಡು ಹೆಜ್ಜೆ ಆಚೆ ಒಬ್ಬ ತಂದೆ ಸ್ಕೂಟರ್ ಹಿಡಿದು ಆಕಾಶ ನೋಡುತ್ತಿರುತ್ತಾನೆ. ಅವರಿಬ್ಬರೂ ಕಾಯುತ್ತಿರುವವರೇ. ಉಯ್ಯಾಲೆ ಖಾಲಿಯಾಯಿತೆಂದು ಓಡಿಹೋಗಿ ಮಗುವನ್ನು ಕೂರಿಸಬೇಡಿ. "ಆರ್ ಯೂ ವೇಟಿಂಗ್?" ಎಂದು ಮೊದಲು ಕೇಳಿ. ಈ ಒಂದು ಪ್ರಶ್ನೆಯಿಂದಲೇ ನಮ್ಮಲ್ಲಿ ಎಷ್ಟೋ ಜನರಿಗೆ ಮೊದಲ ಸ್ನೇಹ ಸಿಕ್ಕಿದೆ. ನಿಮ್ಮ ಸರದಿ ಬಂದಾಗಲೂ ಹಿಂದೆ ಯಾರಾದರೂ ಇದ್ದರೆ ಐದು ನಿಮಿಷಕ್ಕೆ ಇಳಿಸಿ. ಮಗು ಅಳುತ್ತದೆ. ಅಳಲಿ, ಇಳಿಸಿ.

ಬೇರೆಯವರ ಮಗುವನ್ನು ಮುದ್ದು ಬಂತೆಂದು ಎತ್ತಿಕೊಳ್ಳಬೇಡಿ, ಕೆನ್ನೆ ಹಿಂಡಬೇಡಿ. ಊರಿನಿಂದ ಬಂದ ಅಜ್ಜ ಅಜ್ಜಿಯರಿಗೆ ಇದನ್ನು ಮೊದಲೇ ಮೆಲ್ಲಗೆ ತಿಳಿಸಿ ಹೇಳಿ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಇಲ್ಲಿನವರು ಗಾಬರಿಯಾಗುತ್ತಾರೆ. ಎದುರಿಗೆ ಮಗು ಬಿದ್ದರೆ ಮೊದಲು ಅದರ ತಂದೆತಾಯಿ ಎಲ್ಲಿದ್ದಾರೆಂದು ನೋಡಿ ಕರೆಯಿರಿ.

ತಿನ್ನುವುದನ್ನು ಹಂಚಬೇಡಿ. ಹಂಚಿ ತಿನ್ನುವುದು ನಮ್ಮ ಸಂಸ್ಕಾರ, ನಮಗೆ ಅದರ ಬಗ್ಗೆ ಹೆಮ್ಮೆಯಿದೆ. ಆದರೆ ಕಡಲೆಬೀಜ, ಗೋಡಂಬಿ, ಎಳ್ಳು, ಹಾಲು ಇವುಗಳ ಅಲರ್ಜಿ ಇರುವ ಮಕ್ಕಳಿಗೆ ಒಂದು ತುಂಡು ಚಿಕ್ಕಿ ಪ್ರಾಣಕ್ಕೇ ಕುತ್ತಾಗಬಹುದು. ಕೊಡಲೇಬೇಕೆನಿಸಿದರೆ ತಾಯಿಯನ್ನು ಕೇಳಿ, ಅದರಲ್ಲಿ ಏನೇನಿದೆ ಎಂದು ಹೇಳಿ. ಹಾಗೆಯೇ ಇಲ್ಲಿನ ಮೆತ್ತನೆ ಸಿಹಿಗಳಲ್ಲಿ ಹೆಚ್ಚಾಗಿ ಪ್ರಾಣಿಮೂಲದ ಜೆಲಟಿನ್ ಇರುತ್ತದೆ. ಸಸ್ಯಾಹಾರಿಗಳು ಪೊಟ್ಟಣದ ಮೇಲಿನ ಬರಹ ಓದಿ.

ಫೋಟೋ ತೆಗೆಯುವಾಗ ನಿಮ್ಮ ಮಗು ಮಾತ್ರ ಬರುವಂತೆ ನೋಡಿಕೊಳ್ಳಿ. ಊರಿಗೆ ವಿಡಿಯೋ ಕರೆ ಮಾಡಿ ಕ್ಯಾಮೆರಾವನ್ನು ಇಡೀ ಪಾರ್ಕಿನ ಸುತ್ತ ತಿರುಗಿಸುವುದನ್ನು ದಯವಿಟ್ಟು ನಿಲ್ಲಿಸಿ.

"ಒಂದ್ನಿಮಿಷ ನೋಡ್ಕೊಳ್ಳಿ" ಎಂದು ಅಪರಿಚಿತರ ಬಳಿ ಮಗುವನ್ನು ಬಿಟ್ಟು ಹೋಗುವಂತಿಲ್ಲ. ಶೌಚಾಲಯಕ್ಕೆ ಹೋದರೂ ಜೊತೆಯಲ್ಲೇ ಕರೆದುಕೊಂಡು ಹೋಗಿ. ಬಹಳಷ್ಟು ಸಣ್ಣ ಪಾರ್ಕುಗಳಲ್ಲಿ ಶೌಚಾಲಯವೇ ಇಲ್ಲ, ಮನೆಯಿಂದ ಹೊರಡುವ ಮೊದಲೇ ಮುಗಿಸಿ. ಮರದ ಹಿಂದೆ ನಿಲ್ಲಿಸುವ ಅಭ್ಯಾಸ ಇಲ್ಲಿ ಬೇಡ.

ಮಗು ಹಟ ಮಾಡಿದರೆ ಹೊಡೆಯಬೇಡಿ. ಪಾರ್ಕಿನಲ್ಲೂ ಬೇಡ, ಮನೆಯಲ್ಲೂ ಬೇಡ. ಸ್ಕಾಟ್ಲೆಂಡಿನಲ್ಲಿ 2020ರಿಂದ, ವೇಲ್ಸಿನಲ್ಲಿ 2022ರಿಂದ ಮಕ್ಕಳನ್ನು ಹೊಡೆಯುವುದು ಕಾನೂನುಬಾಹಿರ. ಇಂಗ್ಲೆಂಡಿನ ಕಾನೂನು ಬೇರೆ ಅಂತ ವಾದ ಹೂಡುವವರು ನಮ್ಮಲ್ಲಿದ್ದಾರೆ. ಅವರ ಮಾತು ಕೇಳಬೇಡಿ.

ಪೆಟ್ಟು

ತೊಡೆ ಮೇಲೆ ಮಗುವನ್ನು ಕೂರಿಸಿಕೊಂಡು ಜಾರುಬಂಡೆ ಜಾರಬೇಡಿ. ಕಾಳಜಿಯಿಂದ ಮಾಡುವ ಈ ಕೆಲಸದಿಂದಲೇ ಕಾಲು ಮುರಿಯುತ್ತದೆ. ಮಗುವಿನ ರಬ್ಬರ್ ಶೂ ಜಾರುಬಂಡೆಯ ಅಂಚಿಗೆ ಕಚ್ಚಿಕೊಳ್ಳುತ್ತದೆ. ಪಾದ ಅಲ್ಲೇ ನಿಲ್ಲುತ್ತದೆ, ದೊಡ್ಡವರ ಭಾರ ಮೈಯನ್ನು ಕೆಳಕ್ಕೆ ಎಳೆಯುತ್ತದೆ, ಮೊಣಕಾಲ ಕೆಳಗಿನ ಮೂಳೆ ಬಿರುಕು ಬಿಡುತ್ತದೆ. ಮಗು ಒಂಟಿಯಾಗಿ ಜಾರಿದ್ದರೆ ಅಷ್ಟು ಭಾರವೇ ಬೀಳುತ್ತಿರಲಿಲ್ಲ. ಒಂಟಿಯಾಗಿ ಜಾರಲಾಗದಷ್ಟು ಸಣ್ಣ ಮಗುವಾದರೆ ಪಕ್ಕದಲ್ಲಿ ನಿಂತು ಕೈ ಹಿಡಿದು ಇಳಿಸಿ.

ಏರುವ ಮೊದಲು ಸೈಕಲ್ ಹೆಲ್ಮೆಟ್, ಕುತ್ತಿಗೆಯ ಮಫ್ಲರ್ ತೆಗೆಯಿರಿ. ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಚಿನ್ನದ ಸರ ಮನೆಯಲ್ಲೇ ಇರಲಿ.

ಬಿದ್ದು ಪೆಟ್ಟಾದರೆ: ಪ್ರಾಣಾಪಾಯ ಎನಿಸಿದರೆ 999, ಏನು ಮಾಡಬೇಕೆಂದು ತೋಚದಿದ್ದರೆ 111. ಆಸ್ಪತ್ರೆಯಲ್ಲಿ "ಹೇಗಾಯಿತು, ಆಗ ಯಾರು ಜೊತೆಗಿದ್ದರು?" ಎಂದು ಒಬ್ಬರಾದ ಮೇಲೆ ಒಬ್ಬರು ಕೇಳುತ್ತಾರೆ. ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಅಜ್ಜಿ ಹೆದರಿ ಒಂದು ಹೇಳಿದರು, ಮಗ ಇನ್ನೊಂದು ಹೇಳಿದ. ಆ ರಾತ್ರಿಯ ಸಂಕಟ ಯಾರಿಗೂ ಬೇಡ. ಮಕ್ಕಳ ರಕ್ಷಣೆಗಾಗಿ ಎಲ್ಲರಿಗೂ ಕೇಳುವ ಪ್ರಶ್ನೆಗಳಿವು, ನಿಮ್ಮ ಮೇಲಿನ ಅನುಮಾನವಲ್ಲ. ನಡೆದದ್ದನ್ನು ನಡೆದಂತೆ ಹೇಳಿ. ಇಂಗ್ಲಿಷ್ ತೊಡಕಾದರೆ ದುಭಾಷಿ ಬೇಕೆಂದು ಕೇಳಿ.

ಬೆಂಚಿನ ಮೇಲೆ ಒಬ್ಬರೇ ಕೂತ ಅಮ್ಮಂದಿರಿಗೆ

ಗಂಡ ಕೆಲಸಕ್ಕೆ ಹೋದ ಮೇಲೆ ಇಡೀ ದಿನ ಮಗುವಿನ ಜೊತೆ ಒಬ್ಬರೇ ಇರುವುದು ಎಂಥ ಭಾರ ಎಂದು ಈ ಮಾರ್ಗದರ್ಶಿ ಬರೆಯುತ್ತಿರುವ ನಮಗೆಲ್ಲ ಗೊತ್ತು. ಪಾರ್ಕಿಗೆ ಹೋದರೆ ಅಲ್ಲಿನವರೆಲ್ಲ ಆಗಲೇ ಗುಂಪು ಕಟ್ಟಿಕೊಂಡಿರುತ್ತಾರೆ, ನಮ್ಮ ಇಂಗ್ಲಿಷ್ ನಾಲಿಗೆಯ ತುದಿಯಲ್ಲೇ ನಿಂತುಬಿಡುತ್ತದೆ. ಅವರದು ಸೊಕ್ಕಲ್ಲ. ಮೊದಲು ಮಾತಾಡಿಸುವುದಕ್ಕೆ ಅವರಿಗೂ ಸಂಕೋಚ. ದಿನಾ ಒಂದೇ ಹೊತ್ತಿಗೆ ಒಂದೇ ಪಾರ್ಕಿಗೆ ಹೋಗಿ. ಮೊದಲು ನಗು, ಆಮೇಲೆ ಮಕ್ಕಳ ವಯಸ್ಸು, ಆಮೇಲೆ ಹೆಸರು. ನಿಧಾನಕ್ಕೆ ಆಗುತ್ತದೆ.

ಮಗುವಿನ ಜೊತೆ ಕನ್ನಡದಲ್ಲೇ ಮಾತಾಡಿ, ದನಿ ತಗ್ಗಿಸಬೇಡಿ. "ಮನೇಲಿ ಇಂಗ್ಲಿಷ್ ಮಾತ್ರ ಮಾತಾಡಿ, ಇಲ್ಲದಿದ್ದರೆ ಮಗು ಹಿಂದೆ ಬೀಳುತ್ತೆ" ಎಂದು ನಮ್ಮಲ್ಲಿ ಕೆಲವರಿಗೆ ನರ್ಸರಿಯಲ್ಲಿ ಹೇಳಿದ್ದರು. ನಂಬಿದವರ ಮಕ್ಕಳು ಇಂದು ಅಜ್ಜಿಯ ಜೊತೆ ಫೋನಿನಲ್ಲಿ ನಾಲ್ಕು ಮಾತಾಡಲಾರರು. ಮನೆಮಾತನ್ನು ಬಿಡಬೇಡಿ ಎಂಬುದೇ ಇಲ್ಲಿನ ವಾಕ್ ಚಿಕಿತ್ಸಕರ ವೃತ್ತಿಪರ ಸಂಸ್ಥೆಯ ನಿಲುವು. ಮಗು ಉಯ್ಯಾಲೆ ಸಾಲಿನಲ್ಲೇ ಇಂಗ್ಲಿಷ್ ಕಲಿಯುತ್ತದೆ. ಕನ್ನಡವನ್ನು ನೀವಲ್ಲದೆ ಬೇರೆ ಯಾರೂ ಕಲಿಸುವುದಿಲ್ಲ.

ಕೌನ್ಸಿಲ್‌ನ ಫ್ಯಾಮಿಲಿ ಹಬ್ ಅಥವಾ ಚಿಲ್ಡ್ರನ್ಸ್ ಸೆಂಟರ್‌ಗಳಲ್ಲಿ ಸ್ಟೇ ಅಂಡ್ ಪ್ಲೇ (ಹೆತ್ತವರ ಜೊತೆ ಮಕ್ಕಳು ಆಡುವ ಗುಂಪು) ನಡೆಯುತ್ತದೆ, ಲೈಬ್ರರಿಯಲ್ಲಿ ಪುಟಾಣಿಗಳಿಗೆ ರೈಮ್ ಟೈಮ್ ಎಂಬ ಶಿಶುಗೀತೆಗಳ ಕಾರ್ಯಕ್ರಮ. ವೀಸಾದಲ್ಲಿ "ನೋ ಪಬ್ಲಿಕ್ ಫಂಡ್ಸ್" (ಸರ್ಕಾರಿ ನೆರವು ಪಡೆಯುವಂತಿಲ್ಲ) ಎಂದಿದೆ, ಹೋದರೆ ತೊಂದರೆಯಾಗುತ್ತದೆಯೇ ಎಂದು ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. ಪಾರ್ಕು, ಲೈಬ್ರರಿ, ಸ್ಟೇ ಅಂಡ್ ಪ್ಲೇ ಯಾವುದೂ ಪಡೆಯಬಾರದ ನೆರವುಗಳ ಪಟ್ಟಿಯಲ್ಲಿಲ್ಲ. ಮೂರು, ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಸಿಗುವ ವಾರಕ್ಕೆ 15 ಗಂಟೆಯ ಉಚಿತ ನರ್ಸರಿಯೂ ಆ ಪಟ್ಟಿಯಲ್ಲಿಲ್ಲ. ಚರ್ಚ್ ಹಾಲ್‌ಗಳ ಟಾಡ್ಲರ್ ಗುಂಪುಗಳಿಗೂ ಹಿಂಜರಿಯದೆ ಹೋಗಿ. ನಿಮ್ಮ ಧರ್ಮ ಯಾರೂ ಕೇಳುವುದಿಲ್ಲ, ಟೀ ಕೊಟ್ಟು ಮಾತಾಡಿಸುತ್ತಾರೆ.

ಒಮ್ಮೆಯಾದರೂ ಹೋಗಬೇಕಾದ ಕಡೆ

ರಸೆಲ್ ಸ್ಕ್ವೇರ್ ಹತ್ತಿರದ ಕೋರಮ್ಸ್ ಫೀಲ್ಡ್ಸ್. 1739ರಲ್ಲಿ ಥಾಮಸ್ ಕೋರಮ್ ಸ್ಥಾಪಿಸಿದ ಅನಾಥ ಶಿಶುಗಳ ಆಶ್ರಯಧಾಮ ಮುಂದೆ ಇದೇ ಜಾಗದಲ್ಲಿತ್ತು. ಅದು ಊರಾಚೆ ಹೋದಾಗ ಕಟ್ಟಡಗಳು ಏಳಬಾರದೆಂದು ಜನ ಹೋರಾಡಿ, 1936ರಲ್ಲಿ ಇದನ್ನು ಮಕ್ಕಳಿಗಾಗಿ ತೆರೆದರು. ಮಗು ಜೊತೆಗಿಲ್ಲದ ದೊಡ್ಡವರಿಗೆ ಒಳಗೆ ಪ್ರವೇಶವಿಲ್ಲ. ಹಿಂದಿನಿಂದ ಬರುವ ಅಪ್ಪಂದಿರು ಗೇಟಿನಲ್ಲೇ ಕಾಯಬೇಕು.

ಕೆನ್ಸಿಂಗ್ಟನ್ ಗಾರ್ಡನ್ಸ್‌ನ ಡಯಾನಾ ಸ್ಮಾರಕ ಆಟದ ಮೈದಾನ 2000ದಲ್ಲಿ ತೆರೆದದ್ದು, ಕಡಲ್ಗಳ್ಳರ ಹಡಗಿಗೆ ಪ್ರಸಿದ್ಧ. ಬೇಸಿಗೆ ರಜೆಯಲ್ಲಿ ಉದ್ದ ಸಾಲು. ದುರಸ್ತಿಗೆ ಮುಚ್ಚಿರುವುದೂ ಉಂಟು, ರಾಯಲ್ ಪಾರ್ಕ್ಸ್ ವೆಬ್‌ಸೈಟ್ ನೋಡಿಕೊಂಡು ಹೊರಡಿ.

ಇನ್ನು ಕನ್ನಡದ ಮಕ್ಕಳನ್ನು ಕರೆದುಕೊಂಡು ಹೋಗಲೇಬೇಕಾದ ಜಾಗ ಲ್ಯಾಂಬೆತ್. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ನಮ್ಮ ಬಸವಣ್ಣನವರ ಪ್ರತಿಮೆಯಿದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರ ಮುಂದಾಳತ್ವದಲ್ಲಿ ನಿಂತ ಇದನ್ನು ಪ್ರಧಾನಿ ಮೋದಿ 2015ರ ನವೆಂಬರ್ 14ರಂದು ಅನಾವರಣ ಮಾಡಿದರು, ನಮ್ಮ ಮಕ್ಕಳ ದಿನಾಚರಣೆಯಂದೇ. ಹೂವಿಟ್ಟು, ಮಗುವಿನಿಂದ "ಕಳಬೇಡ ಕೊಲಬೇಡ" ಹೇಳಿಸಿ, ಲ್ಯಾಂಬೆತ್ ಅರಮನೆ ದಾಟಿ ನಡೆದರೆ ಆರ್ಚ್‌ಬಿಷಪ್ಸ್ ಪಾರ್ಕ್ ಸಿಗುತ್ತದೆ. ಆಟದ ಸಲಕರಣೆ, ಹುಲ್ಲು, ನೆರಳು ಎಲ್ಲ ಇವೆ. ಬುತ್ತಿ ಬಿಚ್ಚಲು ಒಳ್ಳೆಯ ಜಾಗ.

ತೀರಾ ಮಳೆಯಾದರೆ

- ಯಂಗ್ ವಿ ಅಂಡ್ ಎ, ಬೆತ್ನಲ್ ಗ್ರೀನ್: ಮಕ್ಕಳ ಮ್ಯೂಸಿಯಂ, 2023ರಲ್ಲಿ ಹೊಸದಾಗಿ ತೆರೆದದ್ದು, ಉಚಿತ
- ಸೈನ್ಸ್ ಮ್ಯೂಸಿಯಂ ನೆಲಮಾಳಿಗೆಯ ಗಾರ್ಡನ್ ಎಂಬ ಆಟದ ಕೋಣೆ: ನೀರಾಟವಿದೆ, ಬದಲಿ ಬಟ್ಟೆ ಬೇಕು
- ಡಾಕ್‌ಲ್ಯಾಂಡ್ಸ್ ಮ್ಯೂಸಿಯಂನ ಮಡ್‌ಲಾರ್ಕ್ಸ್: ಪುಟ್ಟ ಮಕ್ಕಳ ಆಟದ ಜಾಗ, ಸಮಯ ಕಾಯ್ದಿರಿಸಿ
- ಸಾಫ್ಟ್ ಪ್ಲೇ (ಮೆತ್ತನೆ ಸಲಕರಣೆಗಳ ಒಳಾಂಗಣ ಆಟದ ಜಾಗ): ದುಡ್ಡು ಕೊಡಬೇಕು, ಕಾಲುಚೀಲ ಕಡ್ಡಾಯ

ಚೀಲದಲ್ಲಿ

ಒಂದು ಜೊತೆ ಬಟ್ಟೆ, ಒದ್ದೆ ಒರೆಸುವ ಬಟ್ಟೆ, ನೀರು, ಪ್ಲ್ಯಾಸ್ಟರ್, ಕಸಕ್ಕೊಂದು ಕವರ್. ಜಾರುಬಂಡೆ ಒದ್ದೆಯಾಗಿದ್ದರೆ ಒರೆಸಲು ಹಳೆಯ ಟವಲ್ಲು. ಸಲಕರಣೆ ಮುರಿದಿದ್ದರೆ, ಗಾಜು ಬಿದ್ದಿದ್ದರೆ ಸುಮ್ಮನೆ ಬೇರೆ ಪಾರ್ಕಿಗೆ ಹೋಗಬೇಡಿ. ಗೇಟಿನ ಫಲಕದಲ್ಲಿ ಕೌನ್ಸಿಲ್‌ನ ಫೋನ್ ಸಂಖ್ಯೆ ಇರುತ್ತದೆ, ಕರೆ ಮಾಡಿ ತಿಳಿಸಿ. ಆ ಪಾರ್ಕಿಗೆ ನೀವೂ ಕೌನ್ಸಿಲ್ ತೆರಿಗೆ ಕಟ್ಟುತ್ತೀರಿ.