ಹೆಚ್ಚು ಹೆಸರಾಗದವರ ಟೆಕ್ನೋ ಬಿಚ್ಚಿ ಕಲಿತ ಬಗೆ

ಹೌಸ್, ಟೆಕ್ನೋ ಎಂಬ ಯಂತ್ರದ ಕುಣಿತದ ಸಂಗೀತ ಮಾಡಬೇಕೆಂದು ಹೊರಟವರು ದೊಡ್ಡ ಹೆಸರುಗಳ ಟ್ರ್ಯಾಕನ್ನೇ ಎದುರಿಗಿಟ್ಟುಕೊಳ್ಳುತ್ತಾರೆ. ಕುಮಟಾದಲ್ಲಿ ಕೂತು ಈ ಕೆಲಸ ಮಾಡುವ ನಾನು ಹಿಡಿದದ್ದು ಬೇರೆ ನಾಲ್ವರನ್ನು: ಆಂಥನಿ ಶಾಕಿರ್, ಟೆರೆನ್ಸ್ ಡಿಕ್ಸನ್, ಕೆಲ್ಲಿ ಹ್ಯಾಂಡ್, ಚರಣ್‌ಜಿತ್ ಸಿಂಗ್. ಇವರ ಟ್ರ್ಯಾಕಿನಲ್ಲಿ ಪದರಗಳು ಕಡಿಮೆ, ಒಂದೊಂದೂ ಬೇರೆಯಾಗಿ ಕಿವಿಗೆ ಸಿಗುತ್ತದೆ. ಹಾಗಾಗಿ ಬಿಚ್ಚಿ ನೋಡಬಹುದು, ಮತ್ತೆ ಕಟ್ಟಬಹುದು. ಬಿಚ್ಚಿದಾಗ ಪ್ರತಿಸಲವೂ ಕಾಣುವುದು ಒಂದೇ: ದುಡಿದಿರುವುದು ಯಂತ್ರಕ್ಕಿಂತ ಹೆಚ್ಚಾಗಿ ಕಾಲದ ಲೆಕ್ಕ, ಸ್ವರದ ಆಯ್ಕೆ.

ಶಾಕಿರ್ ಅಮೆರಿಕದ ಡೆಟ್ರಾಯಿಟ್‌ನವರು. ಟೆಕ್ನೋ ಎಂಬ ಹೆಸರನ್ನು ಹೊರಜಗತ್ತಿಗೆ ಮುಟ್ಟಿಸಿದ 1988ರ ಸಂಕಲನದಲ್ಲೇ ಅವರ ಟ್ರ್ಯಾಕ್ ಇತ್ತು, ಆದರೂ ಜೊತೆಯವರಿಗೆ ಸಿಕ್ಕ ಹೆಸರು ಅವರಿಗೆ ಸಿಗಲಿಲ್ಲ. ಕೆಲ್ಲಿ ಹ್ಯಾಂಡ್ ಅದೇ ಊರಿನಲ್ಲಿ 1990ರಲ್ಲಿ ಅಕೇಷಿಯಾ ಎಂಬ ಸ್ವಂತ ಲೇಬಲ್ ಕಟ್ಟಿ ಹೌಸ್, ಟೆಕ್ನೋ ಎರಡನ್ನೂ ಮಾಡಿದರು, 2021ರಲ್ಲಿ ತೀರಿಕೊಂಡರು. ಡಿಕ್ಸನ್ ಅವರ ಮುಖ್ಯ ಆಲ್ಬಮ್ ಬರ್ಲಿನ್‌ನ ಟ್ರೆಸರ್ ಲೇಬಲ್‌ನಿಂದ 2000ದಲ್ಲಿ ಬಂತು. ಚರಣ್‌ಜಿತ್ ಸಿಂಗ್ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ.

ಮೊದಲ ಕೆಲಸ ಫೈಲ್ ಸರಿ ಮಾಡಿಕೊಳ್ಳುವುದು. ವೀಡಿಯೋ ಸೈಟಿನಿಂದ ಇಳಿಸಿದ್ದು ಬೇಡ, ಸಾಮಾನ್ಯವಾಗಿ ಮೇಲಿನ ಆವರ್ತನ ಕತ್ತರಿಸಿಹೋಗಿ ಹೈ-ಹ್ಯಾಟಿನ (ಜೋಡಿ ತಾಳದ ಚಿಕ್ ಚಿಕ್ ಸದ್ದು) ಬಾಲ ಸರಿಯಾಗಿ ಕೇಳುವುದಿಲ್ಲ. ದುಡ್ಡು ಕೊಟ್ಟು ವೇವ್ ಅಥವಾ ಫ್ಲ್ಯಾಕ್ (ಸದ್ದು ಕತ್ತರಿಸದ ಫೈಲ್ ಬಗೆಗಳು) ತೆಗೆದುಕೊಳ್ಳಿ. ಟೆಂಪೋ ಸಾಫ್ಟ್‌ವೇರ್ ಹೇಳಿದ್ದನ್ನು ನಂಬುವ ಬದಲು ಕೈಯಲ್ಲೇ ಅಳೆಯಿರಿ: ಒಂದು ಕಿಕ್ಕಿನ (ತಗ್ಗು ಡ್ರಮ್ಮಿನ ಏಟು) ಆರಂಭದಿಂದ 32 ಬಾರ್ (ನಾಲ್ಕು ಬೀಟಿಗೆ ಒಂದು ಬಾರ್) ಮುಂದಿನ ಕಿಕ್ಕಿನ ಆರಂಭದವರೆಗೆ ಎಷ್ಟು ಸೆಕೆಂಡ್ ಎಂದು ನೋಡಿ, 7680ನ್ನು ಆ ಸಂಖ್ಯೆಯಿಂದ ಭಾಗಿಸಿ. 61.44 ಸೆಕೆಂಡ್ ಬಂದರೆ 125 ಬಿಪಿಎಂ, ಅಂದರೆ ನಿಮಿಷಕ್ಕೆ 125 ಬೀಟು. ವೈನಿಲ್‌ನಿಂದ ತೆಗೆದ ಫೈಲ್ ಆದರೆ ವೇಗ ಸ್ವಲ್ಪ ಅಲ್ಲಾಡುತ್ತಿರುತ್ತದೆ. ಆಗ 8 ಬಾರ್‌ಗೊಂದು ಗುರುತು ಹಾಕಿದರೆ ಸಾಕು. ಪ್ರತಿ ಬೀಟಿಗೂ ಗುರುತು ಹಾಕಿದರೆ ನೀವು ಕಲಿಯಬೇಕಾದ ಆ ಸಣ್ಣ ಏರುಪೇರೇ ಅಳಿಸಿಹೋಗುತ್ತದೆ.

ಆಮೇಲೆ ಫಿಲ್ಟರ್ ಹಾಕಿ ಮೂರು ಸಲ ಕೇಳಿ. 120 ಹರ್ಟ್ಸ್‌ಗಿಂತ ಕೆಳಗೆ ಕಿಕ್ಕು, ಬೇಸು (ತಗ್ಗು ಸ್ವರ). 200ರಿಂದ 2000ದವರೆಗೆ ಕಾರ್ಡು (ಒಟ್ಟಿಗೆ ನುಡಿಯುವ ಸ್ವರಗುಚ್ಛ). 6000ದ ಮೇಲೆ ಹ್ಯಾಟು. ಕೊನೆಗೆ ಎಡ ಬಲಗಳಲ್ಲಿ ಒಂದರ ಫೇಸ್ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ), ಎರಡನ್ನೂ ಕೂಡಿಸಿ. ನಡುವೆ ಇದ್ದದ್ದೆಲ್ಲ ಮಾಯವಾಗಿ ಬದಿಯಲ್ಲಿಟ್ಟ ರಿವರ್ಬ್ (ಅನುರಣನ), ಡಿಲೇ (ಪ್ರತಿಧ್ವನಿ) ಮಾತ್ರ ಉಳಿಯುತ್ತದೆ.

ಶಾಕಿರ್ ಮತ್ತು ಹ್ಯಾಂಡ್ ಇಬ್ಬರಿಂದಲೂ ನಾನು ಕಲಿತದ್ದು ಹ್ಯಾಟಿನ ಜಾಗ. 125 ಬಿಪಿಎಂನಲ್ಲಿ ಒಂದು ಹದಿನಾರನೇ ನೋಟು (ಬೀಟಿನ ಕಾಲುಭಾಗ) 120 ಮಿಲಿಸೆಕೆಂಡ್, ಎರಡರ ಜೋಡಿ 240. ಸ್ವಿಂಗ್ (ಜೋಡಿಯಲ್ಲಿ ಮೊದಲನೆಯದರ ಶೇಕಡಾ ಪಾಲು, 50 ಅಂದರೆ ಸಮ) 54 ಇಟ್ಟರೆ ಜೋಡಿಯ ಎರಡನೆಯದು 9.6 ಮಿಲಿಸೆಕೆಂಡ್ ತಡವಾಗಿ ಬೀಳುತ್ತದೆ, 58 ಇಟ್ಟರೆ 19.2. ಕೇಳುವವನಿಗೆ ಇದು ತಡ ಅಂತ ಗೊತ್ತಾಗುವುದಿಲ್ಲ, ಹೆಜ್ಜೆ ಹಾಕುವ ಕಾಲಿಗೆ ಗೊತ್ತಾಗುತ್ತದೆ. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಇಡೀ ಪ್ರಾಜೆಕ್ಟಿಗೆ ಒಂದೇ ಸ್ವಿಂಗ್ ಹಾಕಿಬಿಡುತ್ತಾರೆ. ಎಲ್ಲವೂ ಒಟ್ಟಿಗೆ ಜರುಗಿದರೆ ಒಂದಕ್ಕೊಂದು ಎಳೆತವೇ ಇರುವುದಿಲ್ಲ. ನಾನು ಕಿಕ್ಕು, ಕ್ಲ್ಯಾಪು ಎರಡನ್ನೂ ಗೆರೆಯ ಮೇಲೆಯೇ ಬಿಟ್ಟು, ಮುಚ್ಚಿದ ಹ್ಯಾಟಿಗೆ 56, ಶೇಕರಿಗೆ 53 ಕೊಡುತ್ತೇನೆ. ಬೇಸ್‌ಗೆ ಸ್ವಿಂಗ್ ಹಾಕುವ ಮೊದಲು ಹತ್ತು ನಿಮಿಷ ಹಾಗೇ ಓಡಿಸಿ ಕೇಳಿ. ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಡಿಕ್ಸನ್ ಟ್ರ್ಯಾಕುಗಳಲ್ಲಿ ಲೂಪು (ಸುತ್ತಿ ಸುತ್ತಿ ಬರುವ ತುಣುಕು) ಎಲ್ಲಿ ಮುಗಿದು ಎಲ್ಲಿ ಶುರುವಾಯಿತು ಎಂದು ಕಿವಿಗೆ ಸಿಗುವುದೇ ಇಲ್ಲ. ಆ ಗುಣ ತರಲು ನಾನು ಮಾಡುವುದು ಹೀಗೆ: ಬೇಸು 16 ಹೆಜ್ಜೆಯದು (ಹೆಜ್ಜೆ ಅಂದರೆ ಒಂದು ಹದಿನಾರನೇ ನೋಟು), ಮೇಲಿನ ಸಣ್ಣ ಸದ್ದು 7 ಹೆಜ್ಜೆಯದು. ಎರಡೂ ಮತ್ತೆ ಒಂದೇ ಕಡೆ ಸೇರುವುದು 112 ಹೆಜ್ಜೆಗೆ, ಅಂದರೆ 7 ಬಾರ್‌ಗೆ. ಏಬಲ್‌ಟನ್ ಎಂಬ ಸಂಗೀತ ಸಾಫ್ಟ್‌ವೇರಿನಲ್ಲಿ ಕ್ಲಿಪ್ಪಿನ ಉದ್ದ 0.1.3 (ಬಾರ್, ಬೀಟ್, ಹೆಜ್ಜೆ) ಎಂದು ಕೊಟ್ಟರೆ 7 ಹೆಜ್ಜೆ. ಬೆಸ ಉದ್ದದ ಲೂಪು ಒಂದೇ ಇರಲಿ. 5ರದ್ದು ಇನ್ನೊಂದು ಸೇರಿಸಿದರೆ ಮೂರೂ ಕೂಡಲು 35 ಬಾರ್ ಬೇಕು, ಅಷ್ಟರಲ್ಲಿ ಕೇಳುವವರ ಹಿಡಿತ ತಪ್ಪಿರುತ್ತದೆ. ಇನ್ನೊಂದು ತೊಂದರೆ: ಕ್ಲಿಪ್ಪನ್ನು ನಡುವೆ ನಿಲ್ಲಿಸಿ ಮತ್ತೆ ಒತ್ತಿದರೆ ಲೂಪು ಮೊದಲಿನಿಂದ ಶುರುವಾಗಿ ಇಡೀ ಸರಿದಾಟ ಕೆಡುತ್ತದೆ. ಆದ್ದರಿಂದ ಒಂದೇ ಓಟದಲ್ಲಿ ಆರು ನಿಮಿಷ ಆಡಿಯೋ ಆಗಿ ರೆಕಾರ್ಡ್ ಮಾಡಿ, ಬೇಡದ ಕಡೆ ಮ್ಯೂಟ್ ಮಾಡುತ್ತೇನೆ.

ಈಗ ಚರಣ್‌ಜಿತ್ ಸಿಂಗ್. ಮುಂಬೈಯ ಸಿನಿಮಾ ಸಂಗೀತದಲ್ಲಿ ನುಡಿಸುತ್ತಿದ್ದ ಇವರು 1982ರಲ್ಲಿ ರೋಲಂಡ್ ಕಂಪನಿಯ ಮೂರು ಯಂತ್ರ, ಜೂಪಿಟರ್-8 (ಸಿಂತಸೈಸರ್), ಟಿಬಿ-303 (ಬೇಸ್ ಯಂತ್ರ), ಟಿಆರ್-808 (ಡ್ರಮ್ ಯಂತ್ರ) ಹಿಡಿದು ಹತ್ತು ರಾಗಗಳನ್ನು ಡಿಸ್ಕೋ ಬೀಟಿನ ಮೇಲೆ ಕೂಡಿಸಿದರು. ಷಿಕಾಗೋದಲ್ಲಿ ಅದೇ 303ರಿಂದ ಆಸಿಡ್ ಹೌಸ್ ಎಂಬ ಬಗೆಗೆ ಹೆಸರು ತಂದ ಟ್ರ್ಯಾಕ್ ಬಂದದ್ದು 1987ರಲ್ಲಿ. ಸಿಂಗ್ ಆಲ್ಬಮ್ ಮತ್ತೆ ಅಚ್ಚಾಗಿ ಜನರ ಕೈಗೆ ಸಿಕ್ಕಿದ್ದು 2010ರಲ್ಲಿ. ನಮ್ಮ ಜಿಲ್ಲೆಯಲ್ಲಿ ಹಿಂದೂಸ್ತಾನಿ ಕೇಳಿ ಬೆಳೆದ ಕಿವಿಗಳು ಬಹಳ. ಅಂಥವರಿಗೆ ಈ ಆಲ್ಬಮ್‌ಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ ಎಂದು ನನ್ನ ಖಚಿತ ಅಭಿಪ್ರಾಯ.

303ರ ಸ್ಲೈಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಹಿಂದೂಸ್ತಾನಿಯ ಮೀಂಡಿಗೆ ಹತ್ತಿರ ಬರುತ್ತದೆ. ಸಾಫ್ಟ್‌ವೇರ್ ಸಿಂತ್‌ನಲ್ಲಿ ಮಾಡುವುದಾದರೆ ಮೋನೋ (ಒಮ್ಮೆಗೆ ಒಂದೇ ಸ್ವರ), ಲೆಗಾಟೋ (ಸ್ವರಗಳನ್ನು ಬಿಡದೆ ಜೋಡಿಸುವುದು), ಗ್ಲೈಡ್ (ಜಾರುವ ಹೊತ್ತು) 60 ಮಿಲಿಸೆಕೆಂಡ್. ಗ್ಲೈಡ್ ಎಷ್ಟು ದೂರದ ಸ್ವರಕ್ಕೂ ಅಷ್ಟೇ ಹೊತ್ತು ತೆಗೆದುಕೊಳ್ಳಬೇಕು, ಆ ಆಯ್ಕೆ ಇದೆಯೇ ನೋಡಿ. ಭೈರವ ರಾಗದ ಆಂದೋಲಿತ (ತೂಗುವ) ರಿಷಭ, ಧೈವತ ಸ್ಲೈಡಿನಿಂದ ಬರುವುದಿಲ್ಲ. ಪಿಚ್ ಬೆಂಡ್ ವ್ಯಾಪ್ತಿ 2 ಸೆಮಿಟೋನಿಗೆ ಇಟ್ಟು ಚಕ್ರವನ್ನು ಕೈಯಲ್ಲೇ ನಿಧಾನ ಅಲ್ಲಾಡಿಸಬೇಕು.

ಹೌಸ್‌ನ ರೂಢಿಯ ಮೈನರ್ ಸೆವೆಂತ್ ಕಾರ್ಡನ್ನು ಭೈರವದ ಕೆಳಗೆ ಇಟ್ಟರೆ ಕೂಡಲೇ ಕೆಡುತ್ತದೆ. ಆ ಕಾರ್ಡಿನಲ್ಲಿ ಇರುವುದು ಕೋಮಲ ಗಾಂಧಾರ, ಕೋಮಲ ನಿಷಾದ. ಭೈರವಕ್ಕೆ ಎರಡೂ ಶುದ್ಧವೇ ಬೇಕು. ಕಾರ್ಡು ಬಿಟ್ಟು ಸಾ-ಪ ಮಾತ್ರ ಹಿಡಿಯಿರಿ. ಎ ಸ್ವರವನ್ನು ಷಡ್ಜ ಮಾಡಿಕೊಂಡರೆ ಭೈರವ ಎ, ಎ ಶಾರ್ಪ್, ಸಿ ಶಾರ್ಪ್, ಡಿ, ಇ, ಎಫ್, ಜಿ ಶಾರ್ಪ್. ಮಾಲಕಂಸಕ್ಕೆ ಸಾ-ಪ ಕೂಡ ಆಗದು, ಆ ರಾಗದಲ್ಲಿ ಪಂಚಮವೇ ಇಲ್ಲ. ತಂಬೂರಿ ಶ್ರುತಿ ಮಾಡುವಂತೆ ಸಾ-ಮ ಇಡಿ: ಎ ಮತ್ತು ಡಿ.

ಇದಕ್ಕಿಂತ ಸೂಕ್ಷ್ಮ ತೊಂದರೆ ರೆಸೊನೆನ್ಸಿನದು. ಕಟಾಫ್ ಅಂದರೆ ಫಿಲ್ಟರ್ ಮೇಲಿನ ಸದ್ದನ್ನು ಕತ್ತರಿಸುವ ಗಡಿ, ರೆಸೊನೆನ್ಸ್ ಆ ಗಡಿಯ ಸದ್ದನ್ನು ಎತ್ತಿ ಕೇಳಿಸುತ್ತದೆ. ಸಾಟೂತ್ ಅಲೆಯಲ್ಲಿ ಎಲ್ಲ ಹಾರ್ಮೋನಿಕ್ಕುಗಳೂ (ಮೂಲ ಆವರ್ತನದ ಎರಡು, ಮೂರು, ನಾಲ್ಕು ಪಟ್ಟಿನವು) ಇರುತ್ತವೆ. ಕೆಳಗಿನ ಎ 55 ಹರ್ಟ್ಸ್ ಆದರೆ ಮೂರನೆಯದು 165, ಅದು ಪಂಚಮ. ಐದನೆಯದು 275, ಅದು ಶುದ್ಧ ಗಾಂಧಾರ. ರೆಸೊನೆನ್ಸ್ ಏರಿಸಿ ಕಟಾಫ್ ತಿರುಗಿಸುತ್ತ ಹೋದರೆ ಈ ಸ್ವರಗಳು ಒಂದೊಂದಾಗಿ ಎದ್ದು ಕೇಳುತ್ತವೆ. ಭೈರವದಲ್ಲಿ ಎರಡೂ ರಾಗದೊಳಗಿನವೇ, ಹಾಗಾಗಿ ತಿರುಗಿಸಿದಷ್ಟೂ ಚೆಂದ. ಮಾಲಕಂಸದಲ್ಲಿ ಎರಡೂ ವರ್ಜ್ಯ. ನೀವು ಒತ್ತಿದ ಸ್ವರವೆಲ್ಲ ಸರಿಯಿದ್ದರೂ ರಾಗ ಕೆಟ್ಟಂತೆ ಕೇಳುವುದು ಇದರಿಂದ. ಅಲ್ಲಿ ರೆಸೊನೆನ್ಸ್ ಕಾಲುಭಾಗಕ್ಕೆ ಇಳಿಸಿ, ಚಲನೆ ಬೇಕಾದರೆ ಕಟಾಫಿನಿಂದಲ್ಲ, ಆಕ್ಸೆಂಟಿನಿಂದ (ಕೆಲವು ಸ್ವರಕ್ಕೆ ಕೊಡುವ ಒತ್ತು) ತನ್ನಿ.

ಕೋಣೆಯ ವಿಷಯ. 12 ಅಡಿ ಉದ್ದದ ಚಿರೆಕಲ್ಲಿನ ಕೋಣೆಯಲ್ಲಿ 47 ಹರ್ಟ್ಸ್ ಸುತ್ತ ಸದ್ದು ಊದಿಕೊಳ್ಳುತ್ತದೆ. ಬೇಸು ಎಫ್ ಶಾರ್ಪಿನಲ್ಲಿದ್ದರೆ (46.25 ಹರ್ಟ್ಸ್) ಕೋಣೆಯೇ ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ, ನೀವು ಇಳಿಸುತ್ತೀರಿ, ಹೊರಗೆ ಹೋದರೆ ಬೇಸೇ ಇರುವುದಿಲ್ಲ. ಆ ಭಾಗವನ್ನು ಹೆಡ್‌ಫೋನಿನಲ್ಲೇ ತೀರ್ಮಾನಿಸಿ. ಹಂಚಿನ ಮಾಡು ಇಳಿಜಾರಾಗಿರುವುದರಿಂದ ನೆಲಕ್ಕೂ ಮಾಡಿಗೂ ನಡುವೆ ಸದ್ದು ಪುಟಿಯುವುದು ಕಡಿಮೆ, ಅದೊಂದು ಲಾಭ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮೇಲೆ ಮಳೆ ಬೀಳುವಾಗ ಹ್ಯಾಟಿನ ಮಟ್ಟ ಮುಟ್ಟಲೇಬೇಡಿ, ಜೋರಾಗಿಟ್ಟುಬಿಡುತ್ತೀರಿ. ಮಳೆಗಾಲ ಪ್ಯಾಟರ್ನ್ ಬರೆಯಲು, ಮಿಕ್ಸ್ ದೀಪಾವಳಿ ಕಳೆದ ಮೇಲೆ. ಮಿಕ್ಸರಿನ ಫೇಡರ್ ಕರಕರ ಎನ್ನುವುದು ಉಪ್ಪುಗಾಳಿಯ ತೇವದಿಂದ. ಸಲಕರಣೆಯನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಅರ್ಧ ಕಿಲೋ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಬಣ್ಣ ತಿರುಗಿದಾಗ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ತಾಸು ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಗೋಕರ್ಣದ ಕಡಲದಂಡೆಯ ಶ್ಯಾಕುಗಳಲ್ಲಿ (ಚಪ್ಪರದ ಹೋಟೆಲು) ನುಡಿಸುವವರಿಗೆ ಎರಡು ಮಾತು. ಅಲ್ಲಿ ಸ್ಪೀಕರುಗಳು ಬಹಳ ಕಡೆ ಮೋನೋದಲ್ಲಿ (ಎಡ ಬಲ ಎರಡಕ್ಕೂ ಒಂದೇ ಸದ್ದು) ಜೋಡಣೆಯಾಗಿರುತ್ತವೆ. ಅಗಲ ಮಾಡಿದ ಕಾರ್ಡು ಮೋನೋದಲ್ಲಿ ತೆಳ್ಳಗಾಗುತ್ತದೆ, ಮನೆಯಲ್ಲೇ ಮೋನೋ ಒತ್ತಿ ಪರೀಕ್ಷಿಸಿ. ತೆರೆಯ ಸದ್ದು ಎಲ್ಲ ಆವರ್ತನಗಳಲ್ಲೂ ಹರಡಿರುವುದರಿಂದ ರಿವರ್ಬಿನ ಬಾಲ, ಸಣ್ಣ ಶೇಕರು ಅದರಲ್ಲಿ ಮುಳುಗುತ್ತವೆ. ಅಲ್ಲಿಗೆ ರಿವರ್ಬ್ ತುಂಬಿದ ಡಬ್ ಟೆಕ್ನೋಗಿಂತ ಹ್ಯಾಂಡ್ ಬಗೆಯ ಒಣ ಡ್ರಮ್ಮೇ ನಿಲ್ಲುವುದು. ಗೋಡೆಯಿಲ್ಲದ ಕಡೆ ಬೇಸ್‌ಗೆ ಆಸರೆಯಿಲ್ಲ, ಎರಡು ಸಬ್ (ಬೇಸ್ ಸ್ಪೀಕರ್) ಇದ್ದರೆ ಎಡಕ್ಕೊಂದು ಬಲಕ್ಕೊಂದು ಇಡದೆ ಅಂಟಿಸಿ ಇಡಿ, ಒಂದೇ ಸಬ್‌ಗಿಂತ 6 ಡೆಸಿಬೆಲ್‌ವರೆಗೆ ಏರಿಕೆ ಸಿಗುತ್ತದೆ. ಕೆಳಗೊಂದು ಹಲಗೆ ಹಾಕಿ, ಮರಳು ಒಳಗೆ ಹೋಗಬಾರದು. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬ ನಿಯಮ ಇದೆ, ಆದ್ದರಿಂದ ಸೆಟ್ಟನ್ನು ಸಂಜೆ ಆರಕ್ಕೆ 118 ಬಿಪಿಎಂನಿಂದ ಶುರುಮಾಡಿ, ಒಂಬತ್ತರ ಹೊತ್ತಿಗೆ 128ಕ್ಕೆ ಮುಟ್ಟುವಂತೆ ಜೋಡಿಸಿಕೊಳ್ಳಿ.