ಬೆಲ್ಲದ ಪಟ್ಟಿಗೆ ಝೂಲ್: ಒಂದೇ ಕೋಡ್, ವಿಂಡೋಸ್‌ಗೂ ಲಿನಕ್ಸ್‌ಗೂ

ಮಹಾಲಿಂಗಪುರದ ಬೆಲ್ಲದ ಅಡತಿ ಅಂಗಡಿಯಿಂದ ರೈತರಿಗೆ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಕನ್ನಡದಲ್ಲೇ ಹೋಗಬೇಕಿತ್ತು. ಅಂಗಡಿಯಲ್ಲಿ ವಿಂಡೋಸ್ ಎಕ್ಸ್‌ಪಿ, ಲೆಕ್ಕ ಬರೆಯುವವರ ಹತ್ತಿರ ಉಬುಂಟು ಲಿನಕ್ಸ್. ಝೂಲ್ (XUL) ಎಂದರೆ ಪ್ರೋಗ್ರಾಂನ ಕಿಟಕಿ, ಗುಂಡಿಗಳನ್ನು ಬರೆಯುವ ಮೊಜಿಲ್ಲಾದ ಭಾಷೆ. ಅದೇನಿದ್ದರೂ ಫೈರ್‌ಫಾಕ್ಸ್ ಎಕ್ಸ್‌ಟೆನ್ಶನ್‌ಗೆ, ವಿಷುಯಲ್ ಬೇಸಿಕ್‌ನಲ್ಲೇ ಮಾಡು ಎಂದವರೇ ಹೆಚ್ಚು. ನಾನು ಪ್ರೋಗ್ರಾಂ ಅನ್ನು ಝೂಲ್‌ರನ್ನರ್ 1.9ರ ಮೇಲೆ ಕಟ್ಟಿದೆ; ಫೈರ್‌ಫಾಕ್ಸ್ ಇಲ್ಲದೆಯೇ ಝೂಲ್ ಓಡಿಸುವ ರನ್‌ಟೈಮ್ ಅದು. ಐದಾರು ಹಂಗಾಮು ತಡವಿಲ್ಲದೆ ಪಟ್ಟಿ ಹೊರಟಿತು. ಟೂಲ್‌ಗೆ ಕೊಟ್ಟ ದುಡ್ಡು ಸೊನ್ನೆ.

ಮೊದಲ ಏಟು ಒತ್ತಕ್ಷರದ್ದು. ಝೂಲ್‌ರನ್ನರ್ 1.8 ಲಿನಕ್ಸ್‌ನಲ್ಲಿ ‘ಪಟ್ಟಿ’ಯನ್ನು ಒಡೆದು ತೋರಿಸುತ್ತಿತ್ತು, ಅದಕ್ಕೇ 1.9. ಎಕ್ಸ್‌ಪಿಯಲ್ಲಿ ಭಾಷಾ ಸೆಟ್ಟಿಂಗ್‌ಗೆ ಹೋಗಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್‌ಗೆ (ಕನ್ನಡದಂಥ ಒತ್ತಕ್ಷರದ ಲಿಪಿಗಳಿಗೆ) ಟಿಕ್ ಹಾಕಬೇಕಿತ್ತು. ಎಕ್ಸ್‌ಪಿ ಸಿಡಿ ಕೇಳುತ್ತಿತ್ತು, ಜೊತೆಗಿರಬೇಕಿತ್ತು.

ಕಿಟಕಿಯ ಮೇಲಿನ ಕನ್ನಡ ಪದಗಳೆಲ್ಲ ಇರುವುದು ಡಿಟಿಡಿ ಫೈಲಿನಲ್ಲಿ. ಅದನ್ನು ನೋಟ್‌ಪ್ಯಾಡ್‌ನಲ್ಲಿ ಆನ್ಸಿಯಾಗಿ (ಕನ್ನಡವಿಲ್ಲದ ಹಳೇ ಸಂಕೇತ ಕ್ರಮ) ಸೇವ್ ಮಾಡಿದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆ. ಯುನಿಕೋಡ್‌ನ ಯುಟಿಎಫ್-8 ಇರಲೇಬೇಕು. ‘ಹಮಾಲಿ’ ಎಂಬ ಒಂದು ಎಂಟಿಟಿ (ಆ ಫೈಲಿನಲ್ಲಿ ಹೆಸರಿಟ್ಟ ಪದ) ಬಿಟ್ಟುಹೋದರೂ ಇಡೀ ಕಿಟಕಿ ಹಳದಿ, ಅದರ ಮೇಲೆ ಕೆಂಪು ಅಕ್ಷರದ ಪಾರ್ಸಿಂಗ್ ಎರರ್. ಯಾವ ಫೈಲ್ ಎಲ್ಲಿದೆ ಎಂದು ಹೇಳುವ ಮ್ಯಾನಿಫೆಸ್ಟ್‌ನಲ್ಲಿ ಪ್ಯಾಕೇಜ್ ಹೆಸರು ಪೂರ್ತಿ ಇಂಗ್ಲಿಷ್ ಸಣ್ಣಕ್ಷರ, ಪಾತ್‌ನ ಕೊನೆಗೆ ಸ್ಲ್ಯಾಶ್. ಇದರಲ್ಲಿ ತಪ್ಪಿದರೆ ಕಿಟಕಿಯೇ ತೆರೆಯುವುದಿಲ್ಲ.

ಲಿಸ್ಟ್‌ಬಾಕ್ಸ್‌ಗೆ ಎರಡು ಸಾವಿರ ಸಾಲು ತುಂಬಿದಾಗ ಸ್ಕ್ರೋಲ್ ಸತ್ತಿತು. ಅದರ ಬದಲು ಟ್ರೀ ಎಂಬ ಪಟ್ಟಿಕೆ ಹಾಕಿ, ಅದಕ್ಕೆ ಸಾಲು ಒದಗಿಸುವ ಸ್ವಂತ ವ್ಯೂ ಬರೆದೆ: ಕಣ್ಣಿಗೆ ಕಾಣುವ ಸಾಲನ್ನಷ್ಟೇ ಅದು ಕೇಳುತ್ತದೆ, ಹತ್ತು ಸಾವಿರವಿದ್ದರೂ ಹಗುರ. ಲೆಕ್ಕವೆಲ್ಲ ಇರುವ ಎಸ್‌ಕ್ಯೂಲೈಟ್ ಡೇಟಾಬೇಸ್‌ಗೆ ಸಾಲುಗಳನ್ನು ಒಂದೊಂದಾಗಿ ಸೇರಿಸಿದರೆ ಪ್ರತಿ ಸಲವೂ ಡಿಸ್ಕಿಗೆ ಬರೆಯುವವರೆಗೆ ಕಾಯುತ್ತದೆ. ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಒಟ್ಟಿಗೇ ಬರೆಯುವ ಕಂತೆಯಲ್ಲಿ) ಕಟ್ಟಿದ ಮೇಲೆ ನಿಮಿಷಗಳ ಕೆಲಸ ಸೆಕೆಂಡಿಗಿಳಿಯಿತು. ಡೇಟಾಬೇಸ್‌ಗೆ ಕೊಟ್ಟ ಆಜ್ಞೆಯನ್ನು (ಸ್ಟೇಟ್‌ಮೆಂಟ್) ರೀಸೆಟ್ ಮಾಡಲು ಮರೆತರೆ ಡೇಟಾಬೇಸ್ ಲಾಕ್.

ಹೆಚ್ಚು ದುಡ್ಡು ತಿಂದದ್ದು ಪ್ರಿಂಟ್. ಅಂಗಡಿಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನೊಳಗೆ ಕನ್ನಡ ಅಕ್ಷರವಿರಲಿಲ್ಲ. ಎಚ್‌ಟಿಎಂಎಲ್ ಪಟ್ಟಿ ಚಿತ್ರವಾಗಿ ಹೋಗಿ ಒಂದಕ್ಕೆ ಮುಕ್ಕಾಲು ನಿಮಿಷ, ರಿಬ್ಬನ್ ವಾರಕ್ಕೊಂದು. ಸುಮಾರು ಮೂರೂವರೆ ಸಾವಿರಕ್ಕೆ ಹಳೇ ಲೇಸರ್ ಪ್ರಿಂಟರ್ ತಂದ ಮೇಲೆ ಸರಿಹೋಯಿತು.

ನಡುವೆ ರೈತರ ಹೆಸರುಗಳಿದ್ದ, ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೇ ಫೈಲನ್ನು ಯುನಿಕೋಡ್‌ಗೆ ತಿರುಗಿಸಲು ಕೂತೆ. ಅಕ್ಷರಕ್ಕೆ ಅಕ್ಷರ ಬದಲಿಸಿದರೆ ‘ದುರ್ಗಪ್ಪ’ ಕೆಡುತ್ತಾನೆ: ಹಳೇ ನುಡಿಯಲ್ಲಿ ಅರ್ಕಾವತ್ತು ‘ಗ’ದ ನಂತರ ಕೂತಿರುತ್ತದೆ, ಯುನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಒತ್ತು, ಗುಣಿತ ಎಲ್ಲ ಮುಗಿದ ಮೇಲೆ ಅದನ್ನು ಹಿಂದಕ್ಕೆ ಸರಿಸುವ ಕ್ರಮವೊಂದಿದೆ.

2015ರಲ್ಲಿ ಝೂಲ್‌ರನ್ನರ್ ಬಿಡುಗಡೆ ನಿಂತಿತು. ರನ್‌ಟೈಮನ್ನು ಪ್ರೋಗ್ರಾಂ ಫೋಲ್ಡರ್‌ನೊಳಗೇ ಇಟ್ಟಿದ್ದರಿಂದ ಆಮೇಲೂ ಓಡಿತು. ಆಯಾ ಮಷಿನ್ನಿನದೇ ರನ್‌ಟೈಮ್ ಹಾಕಿ, ಉಳಿದದ್ದನ್ನು ಹಾಗೇ ಕಾಪಿ ಮಾಡಿದರೆ ಮುಗಿಯಿತು.