ಫ್ಲ್ಯಾಟೋ, ಇಂಡಿಪೆಂಡೆಂಟ್ ಮನೆಯೋ: ನಾವು ತೀರ್ಮಾನಿಸಿದ್ದು ಹೀಗೆ

ಒಂದು ಕಡೆ ಅಪಾರ್ಟ್‌ಮೆಂಟಿನ ಫ್ಲ್ಯಾಟ್‌ಗಳು, ಇನ್ನೊಂದು ಕಡೆ ಸ್ವಲ್ಪ ಹಳೆಯ ಇಂಡಿಪೆಂಡೆಂಟ್ ಮನೆ. ಬೆಲೆಯಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಹಾಗಾಗಿ ನಾನೂ ನನ್ನ ಹೆಂಡತಿಯೂ ಬೇರೆ ಪ್ರಶ್ನೆ ಹಿಡಿದು ಕೂತೆವು. ನಾಳೆ ತಾರಸಿ ಸೋರಿದರೆ ತೀರ್ಮಾನ ಯಾರದು, ದುಡ್ಡು ಯಾರದು, ಮುಂದೆ ನಿಂತು ಕೆಲಸ ಮಾಡಿಸೋರು ಯಾರು?

ಇಂಡಿಪೆಂಡೆಂಟ್ ಮನೆಯಲ್ಲಿ ಮೂರಕ್ಕೂ ನಾವೇ. ಯಾರ ಒಪ್ಪಿಗೆಗೂ ಕಾಯಬೇಕಿಲ್ಲ. ಕಟ್ಟಡದ ನಿಯಮ ಅವಕಾಶ ಕೊಟ್ಟರೆ ಮೇಲೊಂದು ಕೋಣೆ ಕಟ್ಟಬಹುದು. ಎಲ್ಲಕ್ಕಿಂತ ಜಾಸ್ತಿ, ಜಾಗ ಪೂರ್ತಿ ನಮ್ಮದು. ಕಟ್ಟಡ ಹಳತಾದಂತೆ ಅದರ ಬೆಲೆ ಇಳಿಯುತ್ತದೆ, ಕೊನೆಗೆ ಕೈಯಲ್ಲಿ ಉಳಿಯೋದು ನೆಲ. ಫ್ಲ್ಯಾಟಿನವರಿಗೆ ಅದರಲ್ಲಿ ಎಲ್ಲರ ಜೊತೆಗಿನ ಒಂದು ಪಾಲು ಮಾತ್ರ. ಇದೇ ಕಾರಣಕ್ಕೆ ನನ್ನ ಮನಸ್ಸು ಬಹಳ ಕಾಲ ಮನೆಯ ಕಡೆಗೇ ಇತ್ತು.

ಆದರೆ ಇಂಡಿಪೆಂಡೆಂಟ್ ಮನೆಗೆ ಮೇಂಟೆನೆನ್ಸ್ ಇಲ್ಲ ಅನ್ನೋ ಮಾತನ್ನು ನಾನು ಒಪ್ಪಲಾರೆ. ತಿಂಗಳು ತಿಂಗಳು ಬಿಲ್ ಬರೋದಿಲ್ಲ ಅಷ್ಟೇ. ಪೇಂಟ್, ಪಂಪ್, ಟ್ಯಾಂಕ್, ಕಾಂಪೌಂಡ್, ವಾಟರ್‌ಪ್ರೂಫಿಂಗ್ ಎಲ್ಲಾ ನಮ್ಮ ಜೇಬಿನಿಂದಲೇ ಹೋಗಬೇಕು. ಮನೆಯ ಬೆಲೆಯ ಶೇಕಡಾ 1ರಷ್ಟನ್ನು ವರ್ಷವರ್ಷವೂ ರಿಪೇರಿಗೆ ತೆಗೆದಿಡಬೇಕು ಎಂಬ ಒಂದು ಅಂದಾಜು ಬಳಕೆಯಲ್ಲಿದೆ. ಅದನ್ನು 12ರಿಂದ ಭಾಗಿಸಿ, ಫ್ಲ್ಯಾಟಿನ ಮೇಂಟೆನೆನ್ಸ್ ಮತ್ತು ಒಳಗಿನ ರಿಪೇರಿಯ ಖರ್ಚಿನ ಪಕ್ಕ ಇಟ್ಟು ನೋಡಿದೆವು. ಹೆಚ್ಚು ಕಡಿಮೆ ಸಮ ಬಂತು.

ಆ ಮನೆಯಲ್ಲಿ ಒಂದು ಗೋಡೆಗೆ ಮೊಣಕಾಲೆತ್ತರದವರೆಗೆ ಮಾತ್ರ ಹೊಸ ಪೇಂಟ್ ಬಳಿದಿದ್ದರು. ಕೈಯಿಟ್ಟರೆ ತಣ್ಣಗಿತ್ತು. ಬೆರಳಲ್ಲಿ ತಟ್ಟಿದರೆ ಒಳಗೆ ಟೊಳ್ಳು ಸದ್ದು. ಬುಡದಿಂದ ತೇವ ಏರಿ ಗಾರೆ ಬಿಟ್ಟುಕೊಂಡಿತ್ತು. ಸರಿ ಮಾಡಿಸಲು ಆಗದ ಕೆಲಸವೇನಲ್ಲ. ಆದರೆ ಕೆಲಸದವರ ಜೊತೆ ಹಗಲೆಲ್ಲ ಯಾರಾದರೂ ಇರಬೇಕಲ್ವಾ? ನಾವಿಬ್ಬರೂ ಬೆಳಿಗ್ಗೆ ಹೋದರೆ ಬರೋದು ಕತ್ತಲಾದ ಮೇಲೆ. ಅಲ್ಲಿಗೆ ಫ್ಲ್ಯಾಟೇ ಸರಿ ಅನ್ನಿಸಿತು.

ಯಾವ ಫ್ಲ್ಯಾಟ್ ಅನ್ನೋದು ಇನ್ನೂ ದೊಡ್ಡ ಪ್ರಶ್ನೆ. ಮೊದಲು ಇಷ್ಟವಾದದ್ದರಲ್ಲಿ ಗಾಳಿ ಬೆಳಕು ಚೆನ್ನಾಗಿತ್ತು, ಮೇಂಟೆನೆನ್ಸ್ ಕೂಡ ಕಡಿಮೆ. ಫ್ಲ್ಯಾಟ್ ಮಾಲೀಕರ ಅಸೋಸಿಯೇಷನ್ನಿನ ಮೀಟಿಂಗ್ ಪುಸ್ತಕ ಕೇಳಿ ಓದಿದೆ. ‘ತಾರಸಿ ಸೋರಿಕೆ: ಮುಂದಿನ ಸಭೆಯಲ್ಲಿ ಚರ್ಚಿಸುವುದು’ ಅಂತ ಒಂದಾದ ಮೇಲೊಂದು ಸಭೆಯಲ್ಲಿ ಅದೇ ಸಾಲು. ದೊಡ್ಡ ರಿಪೇರಿಗಳಿಗೆ ಅಂತ ಎಲ್ಲರಿಂದ ಕೂಡಿಡುವ ಸಿಂಕಿಂಗ್ ಫಂಡ್‌ನಲ್ಲಿ ಹಣವೇ ಇಲ್ಲ. ಲಿಫ್ಟ್ ಸಾಮಾನ್ಯವಾಗಿ 20-25 ವರ್ಷಕ್ಕೆ ಬದಲಾವಣೆ ಕೇಳುತ್ತದೆ, ಅಲ್ಲಿಯದು ಆ ವಯಸ್ಸಿಗೆ ಹತ್ತಿರ ಬಂದಿತ್ತು. ಫಂಡ್ ಖಾಲಿ ಇದ್ದಾಗ ಅಂಥ ಖರ್ಚನ್ನೆಲ್ಲ ಫ್ಲ್ಯಾಟಿಗೆ ಇಷ್ಟು ಅಂತ ಒಂದೇ ಸಲ ಹಂಚುತ್ತಾರೆ. ಕಡಿಮೆ ಮೇಂಟೆನೆನ್ಸ್‌ನ ಗುಟ್ಟು ಇದೇ. ಬೇಡ ಅಂದೆವು.

ನಾವು ಕೊಂಡ ಕಡೆ ಮೇಂಟೆನೆನ್ಸ್ ಜಾಸ್ತಿ. ಆದರೆ ಫಂಡ್ ಬೇರೆ ಖಾತೆಯಲ್ಲಿತ್ತು, ಆಡಿಟ್ ಆಗಿತ್ತು, ತಾರಸಿಯ ಕೆಲಸ ಮುಗಿದಿತ್ತು. ರಾತ್ರಿ ಊಟದ ಹೊತ್ತಿಗೆ ಹೋಗಿ ಸುಮ್ನೆ ಕೂತು ಕಿವಿಗೊಟ್ಟೆವು. ಮೇಲೆ ಕುರ್ಚಿ ಎಳೆದದ್ದು ಕೇಳಿಸಿತು, ಮಾತು ಕೇಳಿಸಲಿಲ್ಲ. ಅಷ್ಟನ್ನು ತಡೆದುಕೊಳ್ಳಬಹುದು. ಬಾಡಿಗೆಗೆ ಕೊಡಲು, ನಾಯಿ ಸಾಕಲು ಏನೇನು ನಿಯಮ ಅನ್ನೋದನ್ನೂ ಬೈಲಾ, ಅಂದರೆ ಅಸೋಸಿಯೇಷನ್ನಿನ ನಿಯಮಾವಳಿ, ತರಿಸಿ ಓದಿದೆವು. ಕಟ್ಟಡದ ಇನ್ಶೂರೆನ್ಸ್ ಅಸೋಸಿಯೇಷನ್ ಹೆಸರಲ್ಲಿತ್ತು. ಅದರಲ್ಲಿ ನಮ್ಮ ಸಾಮಾನು ಸೇರೋದಿಲ್ಲವಾದ್ದರಿಂದ ಅದಕ್ಕೆ ಬೇರೆ ಪಾಲಿಸಿ ಮಾಡಿಸಿದೆವು.

ಅಡ್ವಾನ್ಸ್ ಕೊಡುವ ಮುಂಚೆ ಎರಡು ವಿಷಯ ಬರವಣಿಗೆಯಲ್ಲೇ ತೆಗೆದುಕೊಂಡೆ. ಮಾರುವವರ ಬಾಕಿ ಏನೂ ಇಲ್ಲ ಎಂಬುದು ಒಂದು. ಸಭೆಯಲ್ಲಿ ಒಪ್ಪಿ ಇನ್ನೂ ವಸೂಲಿ ಆಗದ ಹೆಚ್ಚುವರಿ ಖರ್ಚೇನಾದರೂ ಇದೆಯೇ ಎಂಬುದು ಇನ್ನೊಂದು. ಎರಡನೆಯದನ್ನು ನಾವೇ ಬಾಯಿಬಿಟ್ಟು ಕೇಳಬೇಕು, ಅದಾಗಿಯೇ ಯಾರೂ ಹೇಳೋದಿಲ್ಲ.